ಎಲ್ವೆರಾ ಬ್ರಿಟ್ಟೊ ಗೊತ್ತಾ?

ಮಸರಕಲ್ಲಿನ ಹುಡುಗಿಯರೇ, ಈ ಹೆಸರು ನೆನಪಿಟ್ಟುಕೊಳ್ರಿ: ಎಲ್ವೆರಾ ಬ್ರಿಟ್ಟೊ.

1956ರಲ್ಲಿ ನಮ್ಮ ರಾಯಚೂರು ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯ ಸೇರಿತು. ಅದೇ ಮೈಸೂರು ರಾಜ್ಯದ ಹಾಕಿ ತಂಡಕ್ಕೆ ಬೆಂಗಳೂರಿನ ಈ ಹೆಣ್ಣುಮಗಳು ನಾಯಕಿ. 1960ರಿಂದ 1967ರೊಳಗೆ ಏಳು ಸಲ ರಾಷ್ಟ್ರೀಯ ಚಾಂಪಿಯನ್! ಏಳು ಸಲ! ಸೋದರಿಯರಾದ ರೀಟಾ, ಮೇ ಕೂಡ ಹಾಕಿ ಆಟಗಾರ್ತಿಯರೇ.

ಆಸ್ಟ್ರೇಲಿಯಾ, ಶ್ರೀಲಂಕಾ, ಜಪಾನ್ ವಿರುದ್ಧ ಎಲ್ವೆರಾ ಭಾರತದ ಪರ ಆಡಿದರು. 1965ರಲ್ಲಿ ಅರ್ಜುನ ಪ್ರಶಸ್ತಿ. ಹಾಕಿಯಲ್ಲಿ ಅದನ್ನು ಪಡೆದ ಎರಡನೇ ಮಹಿಳೆ ಇವರು.

ಆದರೆ ಒಂದು ಸಂಕಟ ನನ್ನನ್ನು ಬಿಡುವುದಿಲ್ಲ. ಮಹಿಳೆಯರ ಹಾಕಿ ವಿಶ್ವಕಪ್ ಶುರುವಾದದ್ದು 1974ರಲ್ಲಿ. ಒಲಿಂಪಿಕ್ಸ್‌ಗೆ ಮಹಿಳಾ ಹಾಕಿ ಬಂದದ್ದು 1980ರಲ್ಲಿ, ಮಾಸ್ಕೋದಲ್ಲಿ. ಇವರು ಮಿಂಚಿದ ದಿನಗಳಲ್ಲಿ ಎರಡೂ ಇರಲಿಲ್ಲ.

2022ರ ಏಪ್ರಿಲ್‌ನಲ್ಲಿ, 81ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲೇ ತೀರಿಕೊಂಡರು.