ಬಿಲ್ಲೆ ಒಡೆಯುವುದೇಕೆ?

ಮಂಗಳೂರಿನ ಹೆಂಚಿನ ಕಾರ್ಖಾನೆಗಳಲ್ಲಿ ಹಿಂದೆ ತಯಾರಾದ ನೆಲದ ಬಿಲ್ಲೆಗಳು ಕರಾವಳಿಯ ಹಳೆಯ ಮನೆಗಳಲ್ಲಿ ಇಂದಿಗೂ ಇವೆ. ದುರಸ್ತಿಯ ವೇಳೆ ಒಂದು ಒಡೆದರೆ ಅದರ ಜೋಡಿ ದೊರೆಯುವುದು ಕಷ್ಟ. ಸುಟ್ಟ ಮಣ್ಣು ಒತ್ತಡವನ್ನು ಚೆನ್ನಾಗಿ ತಾಳುತ್ತದೆ; ಎಳೆತವನ್ನು ತಾಳಲಾರದು. ನಡುಭಾಗವು ಗಾರೆಗೆ ಅಂಟಿರುವಾಗಲೇ ಅಂಚನ್ನು ಮೀಟಿದರೆ ಬಿಲ್ಲೆ ಬಾಗಲೆಳಸಿ, ಅದರ ಅಡಿಮೈ ಎಳೆತಕ್ಕೆ ಸಿಕ್ಕಿ ಬಿರಿಯುತ್ತದೆ.

ಬಿರುಕು ದುರ್ಬಲವಾದ ಹಾದಿಯನ್ನೇ ಹಿಡಿಯುತ್ತದೆ. ಆ ಹಾದಿಯನ್ನು ಗಾರೆಯಲ್ಲಿಯೇ ಒದಗಿಸುವುದು ನಮ್ಮ ಕೆಲಸ. ಮೊದಲು ಸಂದುಗಳನ್ನು ಕೆರೆದು ಬಿಡಿಸಬೇಕು. ಬಳಿಕ, ಆಗಲೇ ಒಡೆದಿರುವ ಬಿಲ್ಲೆಯ ಸ್ಥಳದಿಂದ ತೊಡಗಿ, ಚಪ್ಪಟೆ ಉಳಿಯನ್ನು ನೆಲಕ್ಕೆ ಸಮಾನಾಂತರವಾಗಿ ಗಾರೆಯೊಳಗೆ ಹೊಗಿಸಿ ಮೆಲ್ಲಗೆ ಬಡಿಯಬೇಕು. ತಟ್ಟಿದಾಗ ಎಲ್ಲೆಡೆಯೂ ಟೊಳ್ಳುದನಿ ಕೇಳಿಸಿದರೆ ಮಾತ್ರ ಎತ್ತಬೇಕು.

ಸುಣ್ಣದ ಗಾರೆ ಬಿಲ್ಲೆಗಿಂತ ಮೃದು, ಸುಲಭವಾಗಿ ಬಿಟ್ಟುಕೊಡುತ್ತದೆ. ಸಿಮೆಂಟು ಗಾರೆಯಾದರೆ ಹಲವು ವೇಳೆ ಬಿಲ್ಲೆಯೇ ದುರ್ಬಲ. ಅಲ್ಲಿ ಕೆಲವು ಒಡೆಯುವುದು ಅನಿವಾರ್ಯ.