ಜ್ವರದ ಹಾಸಿಗೆಯಲ್ಲಿ ಕಾಫಿ

ನೆಗಡಿ, ಜ್ವರ ಬಂದಾಗ ಶುಂಠಿ, ಮೆಣಸು ಜಜ್ಜಿ ಹಾಕಿದ ಬೆಲ್ಲದ ಕರಿಕಾಫಿ ಕುಡಿಯುವುದು ಮಲೆನಾಡಿನಲ್ಲೂ ಅದರ ಸೆರಗಿನ ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಸೀಮೆಯಲ್ಲೂ ಇರುವ ರೂಢಿ. ಅದರ ಬಿಸಿ ಗಂಟಲಿಗೆ, ಹಬೆ ಕಟ್ಟಿದ ಮೂಗಿಗೆ ಹಿತ. ಆದರೆ ಜ್ವರ ಇಳಿಸುವ ಗುಣ ಕಾಫಿಗಿಲ್ಲ.

ಕಾಫಿಯ ಮುಖ್ಯ ಪ್ರಭಾವ ಕೆಫೀನ್‌ನಿಂದ ಬರುವಂಥದ್ದು. ಅದನ್ನು 1819ರಲ್ಲಿ ಬೇರ್ಪಡಿಸಿದವನು ಜರ್ಮನಿಯ ರಸಾಯನ ವಿಜ್ಞಾನಿ ರುಂಗೆ. ಬೆಲ್ಲಡೋನಾ ಗಿಡದ ರಸ ಬೆಕ್ಕಿನ ಕಣ್ಣಿನ ಪಾಪೆಯನ್ನು ಅಗಲಿಸುವುದನ್ನು ಅವನು ಕವಿ ಗಯಟೆಯ ಎದುರು ಮಾಡಿ ತೋರಿಸಿದ. ಮೆಚ್ಚಿದ ಗಯಟೆ ಕಾಫಿ ಬೀಜಗಳನ್ನು ಕೊಟ್ಟು, ಇವನ್ನೂ ಪರೀಕ್ಷಿಸು ಎಂದ. ವಿಜ್ಞಾನದ ಚರಿತ್ರೆಯಲ್ಲಿ ಇಷ್ಟು ಫಲ ಕೊಟ್ಟ ಉಡುಗೊರೆ ಅಪರೂಪ.

ದಣಿವಾದಂತೆ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಹೆಚ್ಚುತ್ತದೆ. ಅದು ತನ್ನ ಗ್ರಾಹಕಗಳಲ್ಲಿ ಕೂತಾಗ ನಿದ್ದೆ ಒತ್ತರಿಸಿ ಬರುತ್ತದೆ. ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿದ ಹಾಗೆ, ಕೆಫೀನ್ ಆ ಜಾಗಗಳನ್ನು ಸುಮ್ಮನೆ ಹಿಡಿದಿಡುತ್ತದೆ. ಅಡೆನೊಸಿನ್ ಹೊರಗೇ ಉಳಿಯುತ್ತದೆ. ದಣಿವು ಹೋಗಿರುವುದಿಲ್ಲ, ಗೊತ್ತಾಗುವುದಿಲ್ಲ ಅಷ್ಟೆ. ನಿದ್ದೆಯೇ ಮದ್ದಾಗಿರುವ ರೋಗಿಗೆ ಸಂಜೆಯ ಕಾಫಿ ಒಗ್ಗದಿರುವುದು ಇದಕ್ಕೇ. ಆರೋಗ್ಯವಂತರ ದೇಹದಲ್ಲಿ ಕುಡಿದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಸೋಂಕಿನ ಸಮಯದಲ್ಲಿ ಅದನ್ನು ಒಡೆಯುವ ಯಕೃತ್ತಿನ ಕಿಣ್ವ ಮಂದವಾಗುವುದರಿಂದ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಸೋಂಕಿಗೆ ಕೊಡುವ ಸಿಪ್ರೊಫ್ಲಾಕ್ಸಸಿನ್ ಮಾತ್ರೆಯೂ ಇದೇ ಕಿಣ್ವವನ್ನು ತಡೆಯುತ್ತದೆ. ಅದನ್ನು ನುಂಗುತ್ತಿರುವವರಿಗೆ ಎಂದಿನ ಲೋಟ ಕಾಫಿಗೇ ಎದೆ ಡವಗುಟ್ಟಬಹುದು, ಕೈ ನಡುಗಬಹುದು.

ಹಾಗೆಂದು ದಿನಾ ಕುಡಿಯುವವರಿಗೆ ಒಮ್ಮೆಲೇ ನಿಲ್ಲಿಸಿಬಿಡುವುದೂ ಸರಿಯಲ್ಲ. ಬಿಟ್ಟ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗಿ ಕೆಲವರಲ್ಲಿ ವಾರದವರೆಗೂ ಕಾಡುತ್ತದೆ. ಮನೆಮಂದಿ ಅದನ್ನೂ ಜ್ವರದ ಲೆಕ್ಕಕ್ಕೇ ಹಾಕುತ್ತಾರೆ. ಬೆಳಿಗ್ಗೆ ಅರ್ಧ ಲೋಟ ತೆಳು ಕಾಫಿ ಕೊಟ್ಟರೆ ಈ ಕಾಟ ತಪ್ಪುತ್ತದೆ. ಪ್ಯಾರಸಿಟಮಾಲ್ ಜೊತೆ ಕೆಫೀನ್ ಸೇರಿಸಿದ ನೋವಿನ ಮಾತ್ರೆಗಳೂ ಇವೆ. ಅವನ್ನು ನುಂಗಿದವರು ಕಾಫಿಯನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಬೇಕು.

ಕಾಫಿ ಮೈಯ ನೀರನ್ನೆಲ್ಲ ಹೊರಗೆ ಹಾಕುತ್ತದೆ ಎಂಬ ಭಯ ಅತಿಯಾದದ್ದು. ರೂಢಿಯಿದ್ದವರಲ್ಲಿ ಒಂದೆರಡು ಲೋಟಕ್ಕೆ ಅಂಥ ನಷ್ಟವಾಗದು. ಆದರೆ ಭೇದಿಯಾಗುತ್ತಿರುವಾಗ ಕಾಫಿ ಬೇಡವೇ ಬೇಡ, ಅದು ಕರುಳಿನ ಚಲನೆಯನ್ನು ಚುರುಕುಗೊಳಿಸುತ್ತದೆ. ಆಗ ಓಆರ್‌ಎಸ್, ಗಂಜಿ ಕೊಡಬೇಕು. ಹೊಟ್ಟೆಯುರಿ, ಹುಳಿತೇಗು ಇದ್ದವರು ಖಾಲಿ ಹೊಟ್ಟೆಯಲ್ಲಿ ಕುಡಿಯದಿರುವುದು ಒಳ್ಳೆಯದು. ಥೈರಾಯ್ಡ್ ಮಾತ್ರೆ, ಕಬ್ಬಿಣಾಂಶದ ಮಾತ್ರೆ ಎರಡನ್ನೂ ಕಾಫಿ ಸರಿಯಾಗಿ ಮೈಗೂಡಲು ಬಿಡುವುದಿಲ್ಲ. ಅವನ್ನು ನೀರಿನಲ್ಲಿ ನುಂಗಿ, ಒಂದು ಗಂಟೆಯಾದರೂ ಬಿಟ್ಟು ಕಾಫಿ ಕುಡಿಯಬೇಕು.