ಮೀನಿನ ಬಾಲ ಯಾಕೆ ಹರಿಯಿತು?

ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆ ಮನೆಗೆಲಸಕ್ಕೆ ಹೋಗುವ ನಮ್ಮಲ್ಲಿ ಕೆಲವರಿಗೆ ಮೀನಿನ ತೊಟ್ಟಿ ತೊಳೆಯುವ ಕೆಲಸವೂ ಇರುತ್ತದೆ. ಗಾಜಿನ ತೊಟ್ಟಿ. ಅದರಲ್ಲಿ ಗಪ್ಪಿ, ಏಂಜೆಲ್, ಟೈಗರ್ ಬಾರ್ಬ್, ಹೀಗೆ ನಾಲ್ಕಾರು ಜಾತಿಯ ಮೀನು ಒಟ್ಟಿಗೆ ಇರುತ್ತವೆ. ಒಂದು ದಿನ ನೋಡಿದರೆ ಮೀನಿನ ಬಣ್ಣ ಮಾಸಿದೆ. ಬಾಲ, ರೆಕ್ಕೆ ಹಳೇ ಸೀರೆಯ ಅಂಚಿನ ಹಾಗೆ ಎಳೆಎಳೆಯಾಗಿದೆ. "ತೊಟ್ಟಿ ತೊಳೆದವಳು ನೀನೇ ಅಲ್ವಾ? ಏನು ಹಾಕಿದೆ ಅದಕ್ಕೆ?" ಅಂತ ಮಾತು ಬರುತ್ತದೆ. ಕಾರಣ ಗೊತ್ತಿದ್ದರೆ ನಾವೂ ಧೈರ್ಯವಾಗಿ ಉತ್ತರ ಹೇಳಬಹುದು.

ಕತ್ತಲಲ್ಲಿ ಕೆಲವು ಮೀನುಗಳ ಬಣ್ಣ ತಾನಾಗಿಯೇ ಕಡಿಮೆ ಆಗುತ್ತದೆ. ಬೆಳಿಗ್ಗೆ ದೀಪ ಹಾಕಿದ ಕೂಡಲೇ ಮೀನು ಬಿಳಿಚಿಕೊಂಡು ಕಂಡರೆ ಗಾಬರಿ ಬೇಡ. ಪಾತ್ರೆ ತೊಳೆದು ಬಂದು ಇನ್ನೊಮ್ಮೆ ನೋಡಿ. ಆಗಲೂ ಹಾಗೇ ಇದ್ದರೆ ರೆಕ್ಕೆಯ ಅಂಚು ನೋಡಿ.

ಅಂಚು ಕತ್ತರಿಸಿದ ಹಾಗಿದೆಯೇ? ಒಂದೆರಡು ಮೀನಿಗೆ ಮಾತ್ರ ಹೀಗಾಗಿದೆಯೇ? ಹಾಗಾದರೆ ಇನ್ನೊಂದು ಮೀನು ಕಚ್ಚಿರಬಹುದು. ಟೈಗರ್ ಬಾರ್ಬ್ ನೋಡಲು ಚೆಂದ, ಆದರೆ ಬಲು ತುಂಟ. ಉದ್ದ ರೆಕ್ಕೆಯ ಏಂಜೆಲ್, ಗಪ್ಪಿ ಕಂಡರೆ ಹಿಂದೆ ಹೋಗಿ ಕಚ್ಚುತ್ತದೆ. ಅದನ್ನು ಬೇರೆ ಇಡಬೇಕು. ಇದರಲ್ಲಿ ತೊಳೆದವರ ತಪ್ಪೇನೂ ಇಲ್ಲ.

ಅಂಚು ಬೆಳ್ಳಗೆ ಅಥವಾ ಕೆಂಪಗಾಗಿ, ದಿನದಿನಕ್ಕೆ ಒಳಗೆ ಸವೆಯುತ್ತಿದ್ದರೆ ಅದು ರೆಕ್ಕೆ ಕೊಳೆಯುವ ರೋಗ. ರೋಗಾಣು ನೀರಿನಲ್ಲಿ ಯಾವಾಗಲೂ ಇರುತ್ತದೆ. ನೀರು ಕೆಟ್ಟು ಮೀನು ಸೋತಾಗ ಅದು ಹಿಡಿದುಕೊಳ್ಳುತ್ತದೆ. ಹಲವು ಮೀನು ಒಟ್ಟಿಗೆ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಮೊದಲು ನೀರಿನ ಮೇಲೆ ಅನುಮಾನ ಪಡಿ.

ತೊಟ್ಟಿಯ ನೀರು ತಿಳಿಯಾಗಿದ್ದರೂ ಕೆಟ್ಟಿರಬಹುದು. ಮೀನಿನ ಹೊಲಸು, ತಿಂದು ಉಳಿದ ಕಾಳು ಕೊಳೆತು ಅಮೋನಿಯಾ ಎಂಬ ವಿಷ ಆಗುತ್ತದೆ. ಅದು ಕಣ್ಣಿಗೆ ಕಾಣದು. ಫಿಲ್ಟರಿನ ಸ್ಪಂಜಿನಲ್ಲಿ, ಕೆಳಗಿನ ಕಲ್ಲಿನಲ್ಲಿ ಒಳ್ಳೆಯ ಜೀವಾಣುಗಳು ಮನೆ ಮಾಡಿರುತ್ತವೆ. ಆ ವಿಷವನ್ನು ಅವೇ ಕರಗಿಸುತ್ತವೆ. ನಾವು ಎಲ್ಲವನ್ನೂ ನಲ್ಲಿ ಕೆಳಗೆ ಹಿಡಿದು ಫಳಫಳ ತೊಳೆದರೆ ಅವು ಸಾಯುತ್ತವೆ. ಅದಕ್ಕೇ ಎಷ್ಟೋ ಸಲ ಚೆನ್ನಾಗಿ ತೊಳೆದ ತೊಟ್ಟಿಯಲ್ಲೇ ಮೀನು ಸಾಯುವುದು!

ನಮ್ಮ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಬರುತ್ತದೆ. ನಾವು ಕುಡಿದರೆ ಕಾಯಿಲೆ ಬರಬಾರದು ಅಂತ ಅದಕ್ಕೆ ಕ್ಲೋರಿನ್ ಹಾಕಿರುತ್ತಾರೆ. ನಮಗೆ ಅದು ಒಳ್ಳೆಯದು. ಮೀನಿನ ಕಿವಿರನ್ನು ಮಾತ್ರ ಅದು ಸುಡುತ್ತದೆ. ಹಾಗಾಗಿ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಬಾಯಿ ತೆರೆದು, ಒಂದು ಹಗಲು ಒಂದು ರಾತ್ರಿ ಇಡಿ. ಆಮೇಲೆ ತೊಟ್ಟಿಗೆ ಹಾಕಿ. ಅವಸರ ಇದ್ದರೆ ಮೀನಿನ ಅಂಗಡಿಯಲ್ಲಿ ಕ್ಲೋರಿನ್ ತೆಗೆಯುವ ಔಷಧಿ ಸಿಗುತ್ತದೆ. ಮನೆಯವರಿಗೆ ಹೇಳಿ ತರಿಸಿ.

ಮೀನು ಸೊರಗಿದಾಗ ತೊಟ್ಟಿ ಖಾಲಿ ಮಾಡಬೇಡಿ. ನಾಲ್ಕರಲ್ಲಿ ಒಂದು ಪಾಲು ನೀರು ತೆಗೆದು, ಇಟ್ಟ ನೀರು ಹಾಕಿ. ಮಾರನೆಯ ದಿನ ಮತ್ತೆ ಅಷ್ಟೇ. ಸ್ಪಂಜನ್ನು ಆ ತೆಗೆದ ನೀರಿನಲ್ಲೇ ಹಿಂಡಿ. ಸೋಪು, ಪೌಡರು ಮುಟ್ಟಿಸಲೇಬೇಡಿ. ಎರಡು ದಿನ ಕಾಳು ಹಾಕದಿದ್ದರೆ ಮೀನು ಸಾಯುವುದಿಲ್ಲ. ಕಾಳು ಹೆಚ್ಚಾದರೇ ಕಷ್ಟ. ಡಿಸೆಂಬರ್, ಜನವರಿಯ ಚಳಿಯಲ್ಲಿ ನೀರು ತಣ್ಣಗಾಗಿಯೂ ಏಂಜೆಲ್, ಗಪ್ಪಿ ಬಿಳಿಚಿಕೊಳ್ಳುತ್ತವೆ. ಅವಕ್ಕೆ 24ರಿಂದ 26 ಡಿಗ್ರಿ ಬೇಕು. ಹೀಟರ್ ಕೆಟ್ಟಿದೆಯೇ ಅಂತ ಮನೆಯವರನ್ನು ಕೇಳಿ.

ಅಕ್ಕಂದಿರೇ, ನಿಮ್ಮ ಕೈಯೂ ಮುಖ್ಯ. ನೀರಿಗೆ ಕೈ ಹಾಕುವ ಮೊದಲು ಹೀಟರ್, ಪಂಪು, ದೀಪ ಎಲ್ಲದರ ಪ್ಲಗ್ ತೆಗೆಯಿರಿ. ಕೈಯಲ್ಲಿ ಗಾಯ ಇದ್ದರೆ ಗ್ಲೌಸು ಕೇಳಿ. ಮೀನಿನ ಕೆಲವು ರೋಗಾಣು ಗಾಯದ ಮೂಲಕ ನಮಗೂ ಬರುತ್ತವೆ.

ನಾಲ್ಕೈದು ದಿನ ನೀರು ಸರಿ ಇಟ್ಟರೂ ರೆಕ್ಕೆ ಸವೆಯುತ್ತಲೇ ಇದ್ದರೆ ಔಷಧಿ ಬೇಕು. ನಿಂತರೆ ಹೊಸ ರೆಕ್ಕೆ ಬರುತ್ತದೆ. ಅದು ಮೊದಲು ಗಾಜಿನ ಹಾಗೆ ಬಣ್ಣ ಇಲ್ಲದೆ ಚಿಗುರುತ್ತದೆ. ಮತ್ತೆ ರೋಗ ಬಂತು ಅಂತ ಯಾರಾದರೂ ಔಷಧಿ ಸುರಿಯಲು ಹೊರಟರೆ, "ತಡೀರಿ, ಇದು ವಾಸಿಯಾಗ್ತಿರೋದು" ಅಂತ ಹೇಳಿ.